ಗಂಗೊಳ್ಳಿಯ ರೋಮನ್ ಅಜ್ಜ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಎಲ್ಲಿ ಸಿಕ್ಕಿದರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಮೊದಲ ಸಲ ಹಳೆಯ ಚಿನ್ನ ಅಂಗೈ ಮೇಲೆ ಬಂದಾಗ ಮೈ ನಡುಗಿತೇ? ನಡುಗಿತು. ಆದರೆ ಚಿನ್ನದಿಂದಲ್ಲ. ನಮ್ಮ ಕಚೇರಿ ಇದ್ದದ್ದು ಗಂಗೊಳ್ಳಿ ಬಂದರಿನ ಒಂದು ಐಸ್ ಪ್ಲಾಂಟಿನ ಮಹಡಿಯ ಮೇಲೆ. ಪುರಾತತ್ವ ಇಲಾಖೆಗೆ ಸಿಕ್ಕಿದ್ದು ಅದೊಂದೇ ಕಟ್ಟಡ. ಏಪ್ರಿಲ್ ತಿಂಗಳಲ್ಲಿ ಊರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ನಾವು ನಾಲ್ಕು ಜನ ಸ್ವೆಟರ್ ಹಾಕಿಕೊಂಡು ಕಡತ ನೋಡುತ್ತಿದ್ದೆವು. ಕೆಳಗೆ ಮಂಜುಗಡ್ಡೆ ಪುಡಿ ಮಾಡುವ ಯಂತ್ರ ಶುರುವಾದರೆ ಮೇಲೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಆಗ ಎಲ್ಲರೂ ಬಾಯಿ ಮುಚ್ಚಿ ಕೂತು, ಯಂತ್ರ ನಿಂತ ಮೇಲೆ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದೆವು.

ನಮ್ಮ ಕೆಲಸ ಹೇಳಲು ಸುಲಭ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಗಳಲ್ಲಿ ಬಾವಿ ತೋಡುವಾಗಲೋ ಮನೆಯ ಅಡಿಪಾಯಕ್ಕೆ ಅಗೆಯುವಾಗಲೋ ಹಳೆಯ ಒಡವೆ ಸಿಕ್ಕಿದರೆ ಹೋಗಿ ನೋಡುವುದು, ಫೋಟೋ ತೆಗೆಯುವುದು, ವಹಿಯಲ್ಲಿ ಬರೆಯುವುದು. ನಾನು ಸೇರಿದಾಗ ನಮ್ಮಲ್ಲಿದ್ದದ್ದು ಒರೆಗಲ್ಲು ಮತ್ತು ಹಿತ್ತಾಳೆ ತಕ್ಕಡಿ. ನಿವೃತ್ತನಾಗುವ ಹೊತ್ತಿಗೆ ಪಿಸ್ತೂಲಿನ ಆಕಾರದ ಯಂತ್ರವೊಂದು ಬಂದಿತ್ತು. ಒಡವೆಯ ಎದುರು ಹಿಡಿದರೆ ಚಿನ್ನ ಎಷ್ಟು, ತಾಮ್ರ ಎಷ್ಟು ಎಂದು ಹೇಳುತ್ತಿತ್ತು. ಅದು ಯಾರ ಕೊರಳಲ್ಲಿತ್ತು ಎಂದು ಮಾತ್ರ ಹೇಳುತ್ತಿರಲಿಲ್ಲ. ನನಗೆ ಬಡ್ತಿ ಎರಡು ಸಲ ಬಂತು, ಕುರ್ಚಿ ಅದೇ ಇತ್ತು. ಆ ವಿಷಯ ಇಷ್ಟಕ್ಕೆ ಸಾಕು.

ನಮ್ಮ ಸಾಹೇಬರು ಘಟ್ಟದ ಮೇಲಿನವರು, ಓದಿಕೊಂಡವರು, ಒಳ್ಳೆಯವರು. ಮೀನಿನ ವಾಸನೆ ತಡೆಯಲಾಗದೆ ಕರವಸ್ತ್ರದಲ್ಲಿ ಕರ್ಪೂರ ಕಟ್ಟಿಕೊಂಡು ಬರುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಹುಚ್ಚು, ರೋಮ್. ಎರಡು ಸಾವಿರ ವರ್ಷದ ಹಿಂದೆ ರೋಮಿನ ಹಡಗುಗಳು ಕಾಳುಮೆಣಸಿಗಾಗಿ ಪಡುವಣ ಕರಾವಳಿಗೆ ಬರುತ್ತಿದ್ದವು, ಬದಲಿಗೆ ಚಿನ್ನ ಇಳಿಸುತ್ತಿದ್ದವು. ಅವರ ರಾಜರ ಮುಖವಿದ್ದ ನಾಣ್ಯಗಳಿಗೆ ನಮ್ಮ ಹೆಂಗಸರು ತೂತು ಹೊಡೆಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಇಷ್ಟೂ ನಿಜ. ದಕ್ಷಿಣದ ಬೇರೆ ಕಡೆಗಳಲ್ಲಿ ಅಂಥ ಒಡವೆಗಳು ಸಿಕ್ಕಿವೆ. ನಮ್ಮಲ್ಲೂ ಬಸರೂರು, ಬಾರಕೂರಿನಂಥ ಹಳೆಯ ಬಂದರುಗಳಿದ್ದ ಮೇಲೆ ನಮ್ಮ ಮಣ್ಣಲ್ಲೂ ಒಂದಾದರೂ ಇರಲೇಬೇಕು ಎಂಬುದು ಸಾಹೇಬರ ವಾದ. ನಿವೃತ್ತಿಯೊಳಗೆ ಅದೊಂದನ್ನು ಕಣ್ಣಾರೆ ಕಾಣಬೇಕೆಂದು ಕಾಯುತ್ತಿದ್ದರು. ಮೀನುಪೇಟೆಯ ಹೆಂಗಸರು ಅವರಿಗೆ ‘ರೋಮ್ ಸಾಯ್ಬ್ರ್’ ಎಂದು ಹೆಸರಿಟ್ಟಿದ್ದರು.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಶಿರೂರಿನಲ್ಲಿ. ಸಿಗಡಿ ಕೆರೆಗೆಂದು ಹೊಳೆಯ ಕೆಸರು ತೆಗೆಯುವಾಗ ರೆಕ್ಕೆಯ ಹಾಗೆ ಅಗಲವಾದ, ಅಲ್ಲಲ್ಲಿ ಚಿನ್ನದ ತಗಡು ಮಿಂಚುವ ಒಂದು ಆಭರಣ ಸಿಕ್ಕಿತ್ತು. ಸಾಹೇಬರು ಅದನ್ನು ರೋಮನ್ ಸೇನಾಪತಿಯ ಭುಜದ ಒಡವೆ ಎಂದರು. ನಾನು ಹನ್ನೊಂದು ಪುಟ ವರದಿ ಬರೆದೆ. ಪತ್ರಿಕೆಯಲ್ಲಿ ಫೋಟೋ ಬಂತು. ಮೂರನೆಯ ದಿನ ಒಬ್ಬ ಮುದುಕರು ಮೆಟ್ಟಿಲು ಹತ್ತಿ ಬಂದು, ಮೇಜಿನ ಮೇಲಿದ್ದ ಸೇನಾಪತಿಯ ಒಡವೆಯನ್ನು ನೋಡಿ ಹೇಳಿದರು: “ಹ್ವಾಯ್, ಅದ್ ನನ್ ಭುಜಕೀರ್ತಿ ಮಾರಾಯ್ರೆ! ಮೇಳದ್ ಪೆಟ್ಗಿ ದೋಣಿಯಿಂದ ಹೊಳಿಗ್ ಬಿದ್ದಾಗ ಹೋದದ್ದ್.”

ಅವರು ಯಕ್ಷಗಾನದಲ್ಲಿ ರಾಜವೇಷ ಮಾಡುತ್ತಿದ್ದವರು. ಸಾಹೇಬರು ಪುರಾವೆ ಕೇಳಿದರು. ಮುದುಕರು ಅದನ್ನು ಭುಜಕ್ಕೆ ಕಟ್ಟಿಕೊಂಡು ಯುದ್ಧಕ್ಕೆ ಹೊರಟ ಹೆಜ್ಜೆ ಹಾಕಿ ಎರಡು ಸುತ್ತು ತಿರುಗಿದರು. ಕೆಳಗಿನಿಂದ ಐಸ್ ಪ್ಲಾಂಟಿನವರು ಓಡಿ ಬಂದು ಮೇಲೆ ಏನು ಬಿತ್ತು ಎಂದು ವಿಚಾರಿಸಿದರು. ಬ್ರಹ್ಮಾವರದ ಬಯಲಾಟ ನೋಡಿಯೇ ಬೆಳೆದ ನನಗೆ ಅದು ಮರದ ಭುಜಕೀರ್ತಿ ಎಂದು ಯಾಕೆ ತಿಳಿಯಲಿಲ್ಲವೆಂದರೆ, ಚೆಂಡೆಯ ಸದ್ದಿಲ್ಲದೆ ಅದನ್ನು ನಾನು ಎಂದೂ ನೋಡಿರಲಿಲ್ಲ. ಅಂದು ಒಂದು ಪಾಠ ಕಲಿತೆ: ಸಿಕ್ಕಿದ ವಸ್ತು ಏನು ಎಂದು ಬರೆಯುವ ಮೊದಲು ಅದು ಯಾರದ್ದು ಎಂದು ಕೇಳಬೇಕು. ಕಲಿತೆ ಎಂದುಕೊಂಡೆ, ಅಷ್ಟೇ.

ಆಮೇಲೆ ವಂಡ್ಸೆಯ ಕೆಂಪು ಕಲ್ಲು. ಹಿಂದೆಂದೋ ಒಂದು ಮನೆಯ ಬಾವಿ ತೋಡುವಾಗ ಸಿಕ್ಕಿದ ಉಂಗುರದ ಹರಳು, ಅದರ ಮೇಲೆ ಸಾಸಿವೆಯಷ್ಟು ಸಣ್ಣ ಮನುಷ್ಯನ ಕೆತ್ತನೆ. ಆ ಮನೆಯವರು ಅದನ್ನು ಕಣ್ಣುಬೇನೆಯವರ ರೆಪ್ಪೆಗೆ ಮುಟ್ಟಿಸಿ ವಾಸಿ ಮಾಡುತ್ತಿದ್ದರಂತೆ. ನಾವು ಕಲ್ಲನ್ನು ತಂದ ಮರುದಿನದಿಂದ ವಂಡ್ಸೆ ಬಸ್ಸಿನಲ್ಲಿ ಕೆಂಪು ಕಣ್ಣಿನವರು ಬಂದು ನಮ್ಮ ಮೆಟ್ಟಿಲ ಮೇಲೆ ಸಾಲಾಗಿ ಕೂರತೊಡಗಿದರು. ಈ ಕಚೇರಿಯಲ್ಲಿ ಕಣ್ಣಿಗೆ ಮದ್ದು ಇಲ್ಲ ಎಂದು ಸಾಹೇಬರು ಬೋರ್ಡು ಬರೆಸಿದರು. ವಾರ ಕಳೆಯುವುದರೊಳಗೆ ಅವರ ಕಣ್ಣೇ ಕೆಂಪಾಯಿತು. ಒಂದು ಮಧ್ಯಾಹ್ನ ಕಪಾಟಿನ ಹಿಂದೆ ಅವರು ಕಲ್ಲು ಹಿಡಿದು ನಿಂತದ್ದನ್ನು ನಾನು ನೋಡಿದೆ, ನೋಡಲಿಲ್ಲ ಎಂದುಕೊಂಡು ಹೊರಗೆ ಬಂದೆ. ಮರುದಿನ ಬೋರ್ಡು ಇರಲಿಲ್ಲ. ಬುಧವಾರ ಹತ್ತರಿಂದ ಹನ್ನೊಂದರವರೆಗೆ ಸಾರ್ವಜನಿಕರ ವೀಕ್ಷಣೆಗೆ ಅವಕಾಶ ಎಂಬ ಆದೇಶ ಮಾತ್ರ ಇತ್ತು. ಆ ಕಲ್ಲಿನ ವಯಸ್ಸು ಎಷ್ಟು ಎಂದು ತಜ್ಞರು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಇವೆಲ್ಲ ನಗುವ ಸಂಗತಿಗಳು. ಈಗ ಹೇಳುವುದರಲ್ಲೂ ನಗು ಇದೆ, ಆದರೆ ನೆನೆದಾಗ ಮೊದಲು ಬರುವುದು ನಾಚಿಕೆ.

ನನ್ನ ನಿವೃತ್ತಿಗೆ ಕೆಲವು ವರ್ಷ ಇದ್ದಾಗ ಗಂಗೊಳ್ಳಿ ಪೇಟೆಯ ವಾಸುದೇವ ಆಚಾರ್ರು ಕಚೇರಿಗೆ ಬಂದರು. ಚಿನ್ನದ ಕೆಲಸದಲ್ಲಿ ಪಳಗಿದವರು, ನಮಗೆ ಸಂದೇಹ ಬಂದಾಗಲೆಲ್ಲ ಒರೆ ಹಚ್ಚಿ ನೋಡಿ ಹೇಳುತ್ತಿದ್ದವರು. ಬಂದರಿನ ಹಿಂದಿನ ಓಣಿಯ ಬಚ್ಚಿಯಮ್ಮ ಎಂಬ ಹೆಂಗಸು ಹಳೆಯ ಪದಕವೊಂದರ ಸವೆದ ಕೊಂಡಿ ಸರಿ ಮಾಡಿಸಿಕೊಂಡು ಹೋದರಂತೆ. “ಅದ್ರ ಮೇಲೆ ಒಂದ್ ಗಂಡ್ಸಿನ್ ಮೋರೆ ಇತ್ತ್. ಸುತ್ತ ಎಂತದೋ ಬರ್ದದ್ದ್. ನಮ್ ಬದಿ ಕೆಲ್ಸ ಅಲ್ಲ ಅಂದೇಳಿ ಕಾಣತ್ತ್,” ಎಂದರು ಆಚಾರ್ರು. ಸಾಹೇಬರು ಸ್ವೆಟರ್ ಬಿಚ್ಚುವುದನ್ನೂ ಮರೆತು ಬಿಸಿಲಿಗೆ ಇಳಿದರು.

ಬಚ್ಚಿಯಮ್ಮನಿಗೆ ಎಪ್ಪತ್ತು ದಾಟಿತ್ತು. ಒಣಮೀನು ಹರವುತ್ತಿದ್ದವರು ಕೈ ತೊಳೆದುಕೊಂಡು ಬಂದರು. “ಅಜ್ಜನ್ನ ಕಾಂಬುಕೆ ಬಂದದ್ದಾ? ಬನ್ನಿ, ಬನ್ನಿ. ಚಪ್ಲಿ ಹೊರ್ಗೆ ಇಡಿ.” ಒಳಗಿನ ಸಣ್ಣ ಕೋಣೆಯಲ್ಲಿ ಒಂದು ಮಣೆ, ಮಣೆಯ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಅಂಗುಷ್ಠದ ಉಗುರಿಗಿಂತ ಸ್ವಲ್ಪ ದೊಡ್ಡದಾದ ಚಿನ್ನದ ಬಿಲ್ಲೆ. ಮೇಲ್ಗಡೆ ಎರಡು ತೂತು. ಪಕ್ಕದಿಂದ ನೋಡಿದ ಗಂಡಸಿನ ಮುಖ, ತಲೆಯ ಸುತ್ತ ಎಲೆಗಳ ಸಾಲು, ಗಿಳಿಮೂಗು. ಸಾಹೇಬರು ಭೂತಗನ್ನಡಿ ಹಿಡಿದರು. ಸ್ವೆಟರಿನ ತೋಳಿನಿಂದ ಅದರ ಗಾಜು ಒರೆಸಿ ಮತ್ತೆ ಹಿಡಿದರು.

ಬಚ್ಚಿಯಮ್ಮ ಹೇಳಿದ್ದು ಇಷ್ಟು. ಅಜ್ಜ ಕಡಲಿಗೆ ಹೋದವರು ಬರಲಿಲ್ಲ. ದೇಹ ಸಿಗಲಿಲ್ಲ, ಮನೆಯಲ್ಲಿ ಉಳಿದದ್ದು ಈ ಮುಖ ಒಂದೇ. ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವ ದಿನ ಇದರ ಎದುರು ಬಾಳೆಎಲೆ ಹಾಕಿ ಕುಚ್ಚಲಕ್ಕಿ ಅನ್ನ, ಮೀನುಸಾರು ಬಡಿಸಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನಿಂದ ಕೂಗಿ ಕೇಳುವುದು: ಅಜ್ಜಾ, ಉಂಡಾಯ್ತಾ? ಆಮೇಲೆ ಬಾಗಿಲು ತೆಗೆದು, ಮನೆಯವರು ಉಣ್ಣುವುದು.

“ಯಾವ ಅಜ್ಜ? ತಂದೆಯ ತಂದೆಯೋ?” ಎಂದು ಸಾಹೇಬರು ಕೇಳಿದರು.

“ನನ್ ಅಜ್ಜಿಯೂ ಅಜ್ಜ ಅಂದೇ ಕರೀತಿದ್ಳ್.”

“ತಲೆಗೆ ಎಲೆ ಕಟ್ಟಿದ್ದಾರಲ್ಲ?”

“ಎಲಿ ಎಂತಕ್ಕೆ? ಮುಂಡಾಸ್ ಅದ್. ಮೂಗ್ ಕಾಣಿ, ಮತ್ತೆ ನನ್ ಮೂಗ್ ಕಾಣಿ.” ಅವರು ಬೆಳಕಿಗೆ ಪಕ್ಕ ತಿರುಗಿ ನಿಂತರು. ನಿಜ ಹೇಳಬೇಕೆಂದರೆ ಮೂಗು ಅದೇ.

ಸಾಹೇಬರು ತಮ್ಮಷ್ಟಕ್ಕೆ ಗೊಣಗಿದರು: “ಕಿವಿಯೇ ಇಲ್ಲ. ಸವೆದಿರಬೇಕು.”

“ಸವ್ದದ್ದಲ್ಲ. ಅಜ್ಜಂಗೆ ಕೆಮಿ ಕೇಣ್ತಿರ್ಲಿಲ್ಲ ಅಂಬ್ರ್. ಅದ್ಕೇ ಕಡ್ಲ್ ಅಬ್ಬರ ಗೊತ್ತಾಯ್ಲಿಲ್ಲ, ಹೋದ. ನಾವ್ ಕರೂದೂ ಜೋರಾಗೇ. ಓಣಿಯವ್ರಿಗೆಲ್ಲ ಕೇಣತ್ತ್.”

ಈಗ ನನ್ನ ಬಾಯಿಯ ಸರದಿ. ಅಷ್ಟು ವರ್ಷದ ಅನುಭವ, ಶಿರೂರಿನ ಪಾಠ, ಯಾವುದೂ ಅಡ್ಡ ಬರಲಿಲ್ಲ. ಸಾಹೇಬರ ಕಣ್ಣಲ್ಲಿ ನೀರು ಕಂಡು ನನಗೂ ಹುರುಪು ಬಂದಿತ್ತು. “ಅಮ್ಮಾ, ಇದು ನಿಮ್ಮ ಅಜ್ಜ ಅಲ್ಲ. ರೋಮ್ ಅಂತ ಒಂದು ದೇಶ, ಅಲ್ಲಿಯ ರಾಜ,” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತು ಒಡೆದಿದ್ದರೆ ನಮ್ಮ ವಹಿಯಲ್ಲಿ ಅದಕ್ಕೊಂದು ಕಾಲಂ ಇತ್ತು.

ಬಚ್ಚಿಯಮ್ಮ ಬಿಲ್ಲೆಯನ್ನು ನೋಡಿದರು, ನನ್ನನ್ನು ನೋಡಿದರು. “ಹಂಗಾರೆ ನಮ್ ಅಜ್ಜ ಇಷ್ಟ್ ವರ್ಷ ಉಪಾಸವಾ?”

ಅವರು ಬಿಲ್ಲೆಯನ್ನು ಬಟ್ಟೆಯ ಸಮೇತ ಎತ್ತಿ ಸಾಹೇಬರ ಕೈಯಲ್ಲಿಟ್ಟರು. “ಕೊಂಡ್ಹೋಯ್ನಿ. ಬೇರೆಯವ್ರ ರಾಜ ನಮ್ಗೆಂತಕ್ಕೆ?” ಜಗಳ ಮಾಡಿದ್ದರೆ ನಮಗೆ ಹಗುರವಾಗುತ್ತಿತ್ತು. ಮಣೆ ಬರಿದಾಗಿ ಉಳಿಯಿತು.

ಬಿಲ್ಲೆಯನ್ನು ಪರೀಕ್ಷೆಗೆ ರಾಜಧಾನಿಯ ತಜ್ಞರಿಗೆ ಕಳಿಸಿದೆವು. ಅವರು ಫೋಟೋ, ಅಳತೆ, ಒಂದು ಕೂದಲೆಳೆಯಷ್ಟು ಲೋಹ ತೆಗೆದುಕೊಂಡು ಬಿಲ್ಲೆಯನ್ನು ವಾಪಸ್ಸು ಕಳಿಸಿ, ವರದಿ ಆಮೇಲೆ ಬರುತ್ತದೆ ಎಂದರು. ಅಷ್ಟರಲ್ಲಿ ಬಚ್ಚಿಯಮ್ಮ ನಮ್ಮ ಮೆಟ್ಟಿಲು ಹತ್ತಿದರು. ಕೈಯಲ್ಲಿ ಯಾರಿಂದಲೋ ಬರೆಸಿದ ಅರ್ಜಿ. ವಿಷಯ: ನಮ್ಮ ಅಜ್ಜ ಕಾಣೆಯಾಗಿರುವ ಬಗ್ಗೆ. ಅಜ್ಜ ಎಲ್ಲಿದ್ದಾರೆ, ಇಷ್ಟು ವರ್ಷ ಅವರ ಅನ್ನ ಯಾರು ಉಂಡರು ಎಂಬುದನ್ನು ಇಲಾಖೆಯವರು ತಿಳಿಸಬೇಕು ಎಂದಿತ್ತು. ಇದನ್ನು ತೆಗೆದುಕೊಳ್ಳಲು ಬರುವುದಿಲ್ಲ ಎಂದು ಸಾಹೇಬರು ಹೇಳುವಷ್ಟರಲ್ಲಿ ನಮ್ಮ ಗುಮಾಸ್ತರು ಅಭ್ಯಾಸಬಲದಿಂದ ಮೊಹರು ಒತ್ತಿ ನಂಬರು ಹಾಕಿಬಿಟ್ಟಿದ್ದರು. ನಂಬರು ಬಿದ್ದ ಅರ್ಜಿಗೆ ಉತ್ತರ ಕೊಡಲೇಬೇಕು. ಹಾಗೆ ನಮ್ಮ ಕಚೇರಿಯ ಬಾಕಿ ಕಡತಗಳ ಪಟ್ಟಿಯಲ್ಲಿ ಅಜ್ಜನೂ ಒಬ್ಬನಾದ. ಬಚ್ಚಿಯಮ್ಮ ವಾರಕ್ಕೆರಡು ಸಲ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: “ಅಜ್ಜನ್ ಸುದ್ದಿ ಎಂತಾರೂ ಬಂತಾ?” ಸಾಹೇಬರು ತಲೆ ತಗ್ಗಿಸಿ ಪರಿಶೀಲನೆಯಲ್ಲಿದೆ ಎನ್ನುತ್ತಿದ್ದರು.

ವರದಿ ಬರುವ ಮೊದಲೇ ಹಿರಿಯರಿಗೆ ಬಡಿಸುವ ದಿನ ಬಂತು. ಮಧ್ಯಾಹ್ನ ಬಚ್ಚಿಯಮ್ಮ ಬುಟ್ಟಿ ಹೊತ್ತು ಬಂದರು. ಬುಟ್ಟಿಯಲ್ಲಿ ಬಾಳೆಎಲೆ, ಅನ್ನ, ಬಂಗುಡೆ ಸಾರು. “ಅಜ್ಜ ಅಲ್ಲ ಅಂದ್ರಿ, ಆಯ್ತ್. ಆದ್ರೂ ಇಷ್ಟ್ ವರ್ಷ ನಮ್ಮನಿ ಅನ್ನ ಉಂಡವ. ಪರ್ದೇಶಿ, ಇಲ್ಲಿ ಅವ್ನಿಗೆ ಯಾರಿದ್ರ್? ಇವತ್ತೇ ಉಪಾಸ ಹಾಕುದ್ ಹ್ಯಾಂಗೆ?”

“ಮನೆಯಲ್ಲಿ?” ಎಂದೆ ನಾನು.

“ಮನೀಲಿ ಅಜ್ಜಂಗೂ ಒಂದ್ ಎಲಿ ಇಟ್ಟೆ. ಬರೀ ಮಣಿ ಎದ್ರಿಗೆ. ಬಾಗ್ಲ್ ಹಾಕಿ ಬಂದೆ. ಅಜ್ಜ ಬಂದಿನೋ ಇಲ್ಯೋ, ಬಾಗ್ಲ್ ತೆಗುಕೆ ಹೆದ್ರಿಕೆ ಆತ್ತ್.” ನಾನು ಬುಟ್ಟಿ ಇಳಿಸಿಕೊಂಡೆ.

ಸಾಹೇಬರು ಬೀಗದ ಕೈ ತೆಗೆದುಕೊಂಡರು. ಕಪಾಟು ತೆಗೆದು ಬಿಲ್ಲೆಯನ್ನು ತಮ್ಮ ಮೇಜಿನ ಮೇಲೆ ತಾವೇ ಇಟ್ಟರು. ಅದರ ಎದುರು ಎಲೆ, ಅನ್ನ, ಸಾರು. ಉಣ್ಣುವವರನ್ನು ನೋಡಬಾರದಾದ್ದರಿಂದ ನಾವೆಲ್ಲ ಹೊರಗೆ ಬಂದು ಬಾಗಿಲು ಹಾಕಿ ಮೆಟ್ಟಿಲ ಮೇಲೆ ನಿಂತೆವು. ಅದು ಬುಧವಾರವಾಗಿತ್ತು, ತಡವಾಗಿ ಬಂದಿದ್ದ ಇಬ್ಬರು ಕೆಂಪು ಕಣ್ಣಿನವರೂ ನಮ್ಮ ಜೊತೆ ನಿಂತರು. ಕೂಗುವ ಹೊತ್ತಾಯಿತು. ಬಚ್ಚಿಯಮ್ಮ ಬಾಯಿ ತೆರೆದು, ತಡೆದು, ಸಾಹೇಬರತ್ತ ತಿರುಗಿದರು. “ಹೆಸ್ರ್ ಎಂತದ್ ಅವಂದ್?”

ಯಾವ ರಾಜ ಎಂದು ಇನ್ನೂ ವರದಿ ಬಂದಿಲ್ಲ ಎಂದರು ಸಾಹೇಬರು.

ಬಚ್ಚಿಯಮ್ಮ ಬಾಗಿಲಿಗೆ ಮುಖ ಮಾಡಿ ಕೂಗಿದರು: “ಹ್ವಾಯ್! ಉಂಡಾಯ್ತಾ?” ಜೀವನವಿಡೀ ಅಜ್ಜಾ ಎಂದು ಕರೆದ ಮುಖವನ್ನು ದಾರಿಹೋಕನನ್ನು ಕರೆದ ಹಾಗೆ ಕರೆದರು. ಅದು ನನ್ನ ಒಂದು ಮಾತಿನ ಕೆಲಸ. ಅಷ್ಟರಲ್ಲಿ ಕೆಳಗೆ ಐಸ್ ಯಂತ್ರ ಶುರುವಾಗಿ ಅವರ ದನಿ ಮುಳುಗಿತು. ಮೂರು ಸಲ ಕೂಗಬೇಕಿತ್ತು. ಉಳಿದ ಎರಡನ್ನು, ಕರ್ಪೂರದ ಕರವಸ್ತ್ರ ಜೇಬಿಗೆ ತುರುಕಿ, ಘಟ್ಟದ ಮೇಲಿನ ಶುದ್ಧ ಸಸ್ಯಾಹಾರಿ ಸಾಹೇಬರು ಕಿವಿ ಗಡಚಿಕ್ಕುವಂತೆ ಕೂಗಿದರು.

ಕೆಲವು ವಾರದ ಮೇಲೆ ವರದಿ ಬಂತು. ಒಂದೇ ಪುಟ. ಬಿಲ್ಲೆ ಹಳೆಯದು, ತುಂಬಾ ಹಳೆಯದು. ಆದರೆ ರೋಮಿನದಲ್ಲ. ರೋಮನ್ ನಾಣ್ಯ ಕಂಡಿದ್ದ ಯಾರೋ ಅಕ್ಕಸಾಲಿಗ ಈ ಕಡೆಯಲ್ಲೇ ಕೊರಳಿಗೆಂದು ಮಾಡಿದ ನಕಲು. ಸುತ್ತಲಿನದು ಅಕ್ಷರಗಳಲ್ಲ, ಅಕ್ಷರದ ಹಾಗೆ ಕಾಣುವ ಗೀಟುಗಳು. ಕಿವಿ ಸವೆದದ್ದಲ್ಲ, ಮೊದಲಿನಿಂದಲೂ ಕೆತ್ತಿಲ್ಲ. ಈ ಮುಖ ಯಾವ ರೋಮನ್ ರಾಜನನ್ನೂ ಹೋಲುವುದಿಲ್ಲ. ಸಾಹೇಬರು ಅದನ್ನು ಎರಡು ಸಲ ಓದಿ ಕಿಟಕಿಯಾಚೆ ದೋಣಿಗಳನ್ನು ನೋಡುತ್ತ ಕೂತರು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರ ಬಗ್ಗೆ ಕನಿಕರವಾಯಿತು.

ನಾನು ವರದಿ ಹಿಡಿದು ಆಚಾರ್ರ ಅಂಗಡಿಗೆ ಹೋದೆ. ರಾಜನನ್ನು ನೋಡದವನು ರಾಜನ ಮುಖ ಹೇಗೆ ಕೆತ್ತಿದ ಎಂದು ಕೇಳಿದೆ. ಆಚಾರ್ರು ನಕ್ಕರು. “ಕಾಣದ್ ಮೋರೆ ಕೆತ್ತುಕೆ ಕೂಕಂಡ್ರೆ ಎದ್ರಿಗ್ ಇಪ್ಪವ್ರ ಮೋರೆಯೇ ಬಪ್ಪುದ್.” ಆಗಷ್ಟೇ ಮುಗಿಸಿದ್ದ ದೇವಿಯ ಬೆಳ್ಳಿ ಮುಖವಾಡವನ್ನು ನನ್ನ ಕಡೆ ತಿರುಗಿಸಿದರು. ಅದೇ ಹೊತ್ತಿಗೆ ಅವರ ಹೆಂಡತಿ ಒಳಗಿನಿಂದ ಚಾ ತಂದರು. ಎರಡೂ ಮುಖ ಒಂದೇ. ನಾನು ಚಾ ಕುಡಿಯದೆ ಎದ್ದು ಓಡಿದೆ.

ಸಾಹೇಬರು ಕೇಳಿಸಿಕೊಂಡರು. ಹಾಗಾದರೆ ಅಕ್ಕಸಾ‌ಲಿಗನ ಎದುರು ಕೂತಿದ್ದವನು ಈ ಊರಿನವನೇ, ಗಿಳಿಮೂಗಿನವನು ಎಂದರು. ಮನೆತನದ ಹಳೆಯ ಒಡವೆಯನ್ನು ನೋಂದಾಯಿಸಿ ಮನೆಯವರಲ್ಲೇ ಬಿಡಲು ನಿಯಮವಿದೆ. ನೋಂದಣಿಯ ಹಾಳೆಯಲ್ಲಿ ‘ಚಿತ್ರ ಯಾರದ್ದು’ ಎಂಬ ಕಾಲಂನಲ್ಲಿ ‘ಸ್ಥಳೀಯರು’ ಎಂದು ಬರೆಸಿದರು. ಆಮೇಲೆ ಬಚ್ಚಿಯಮ್ಮನ ಅರ್ಜಿಯನ್ನು ಎಳೆದುಕೊಂಡು ಅದರ ಅಂಚಿನಲ್ಲಿ ತಮ್ಮ ಕೈಯಾರೆ ಆದೇಶ ಬರೆದರು: “ಅರ್ಜಿದಾರರ ಅಜ್ಜ ಪತ್ತೆಯಾಗಿರುತ್ತಾರೆ. ಸದರಿಯವರು ಇದುವರೆಗೆ ಈ ಕಚೇರಿಯ ಕಪಾಟಿನಲ್ಲಿದ್ದು, ಈಗ ಮನೆಗೆ ತಲುಪಿಸಲಾಗಿದೆ. ಅರ್ಜಿ ವಿಲೇವಾರಿಯಾಗಿದೆ.”

ತಲುಪಿಸಲು ನಾವಿಬ್ಬರೂ ಹೋದೆವು. ಸಾಹೇಬರು ಆದೇಶ ಓದಿ ಹೇಳಿದರು. ಬಚ್ಚಿಯಮ್ಮ ಬಿಲ್ಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. “ಅಜ್ಜಾ, ಆಫೀಸಂಗೆ ಊಟ ಸಮ ಆಯ್ತಾ?” ಎಂದರು. ಒಳಕೋಣೆಯ ಬಾಗಿಲನ್ನು ಬಡಿಸಿದ ದಿನದಿಂದ ಅವರು ತೆಗೆದಿರಲಿಲ್ಲ. ಈಗ ತೆಗೆದರು. ಬರಿದಾದ ಮಣೆಯ ಎದುರು ಒಣಗಿ ಸುರುಟಿದ ಬಾಳೆಎಲೆ, ಅದರ ಮೇಲೆ ಒಂದು ಅಗುಳೂ ಇರಲಿಲ್ಲ.

“ಕಾಣಿ, ಬಂದ್ ಉಂಡಿನ್!” ಎಂದು ಬಚ್ಚಿಯಮ್ಮ ಅತ್ತುಬಿಟ್ಟರು.

ಮಾಡಿನ ಮೂಲೆಯಲ್ಲಿ ಹಂಚು ಸರಿದು ಒಂದು ಬೆಕ್ಕು ನುಸುಳುವಷ್ಟು ಕಿಂಡಿಯಾಗಿದ್ದದ್ದನ್ನು ನಾನು ನೋಡಿದೆ. ಸಾಹೇಬರೂ ನೋಡಿದರು. ಕಪಾಟಿನ ಹಿಂದಿನ ಆ ಮಧ್ಯಾಹ್ನ ಬಿಟ್ಟರೆ ನನ್ನ ನೌಕರಿಯಲ್ಲಿ ಕಂಡದ್ದನ್ನು ಹೇಳದೆ, ಬರೆಯದೆ ಬಿಟ್ಟದ್ದು ಅದೊಂದೇ ಸಲ. ಹೊಸಬರಿಗೆ ನಾನು ಕಲಿಸಬಲ್ಲ ಕೆಲಸವೂ ಅದೊಂದೇ.

ಅಜ್ಜನನ್ನು ಮಣೆಯ ಮೇಲೆ ಕೂರಿಸಿ ಬಚ್ಚಿಯಮ್ಮ ನನ್ನ ಕಡೆ ತಿರುಗಿದರು. ಕಣ್ಣು ಒರೆಸಿಕೊಂಡಿದ್ದರು, ಮುಖದಲ್ಲಿ ಸಿಟ್ಟಿತ್ತು. “ಅಜ್ಜ ಅಲ್ಲ ಅಂದವ್ರ್ ನೀವ್. ನನ್ ಹತ್ರ ಬ್ಯಾಡ, ಅವ್ನ ಹತ್ರ ಹೇಳಿ.”

ನಾನು ಮಣೆಯ ಎದುರು ಕೂತು ಕೈ ಮುಗಿದೆ. “ತಪ್ಪಾಯ್ತು ಅಜ್ಜ,” ಎಂದೆ.

“ಜೋರಾಗ್ ಹೇಳಿ. ಅಜ್ಜಂಗೆ ಕೆಮಿ ಕೇಣುದಿಲ್ಲ.”

ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಓಣಿಯ ಹೆಂಗಸರು ಅಂಗಳಕ್ಕೆ ಬಂದು ಕೂಡಿದ್ದರು. ನಾನು ಉಸಿರು ತುಂಬಿಕೊಂಡು ಜೋರಾಗಿ ಹೇಳಿದೆ.